ತಾನು ಹಿಡಿದ ಮೊಲಕ್ಕೆ ಮೂರೇ ಕಾಲು: ವಿಜ್ಞಾನ ಒಪ್ಪದವರ ಜೊತೆ ಮಾತಾಡುವುದು ಹೇಗೆ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಹಿರಿಯರೊಬ್ಬರು ಲಸಿಕೆ ಬಗ್ಗೆ ಒಂದು ಸುಳ್ಳು ಸಂದೇಶ ಹಾಕಿದರು. ನಾನು ತಕ್ಷಣ ಮೂರು ಲಿಂಕ್ ಕಳಿಸಿದೆ. ಅವರು ಒಂಬತ್ತು ಕಳಿಸಿದರು. ನಾನು ಗ್ರಾಫ್ ಹಾಕಿದೆ. ಅವರು ಯಾರೋ ಡಾಕ್ಟರ ವಿಡಿಯೋ ಹಾಕಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಅವರು ಸುಮ್ಮನಾದರು, ನಾನು ಗೆದ್ದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವರು ಗುಂಪನ್ನೇ ಬಿಟ್ಟಿದ್ದರು. ಲಸಿಕೆ ಬಗ್ಗೆ ಅವರ ಅಭಿಪ್ರಾಯ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ನನ್ನ ಬಗ್ಗೆ ಇದ್ದ ಅಭಿಪ್ರಾಯ ಮಾತ್ರ ಚೆನ್ನಾಗಿ ಬದಲಾಗಿತ್ತು.

ಆಮೇಲೆ ಈ ವಿಷಯದ ಮನಃಶಾಸ್ತ್ರ ಓದುತ್ತಾ ಹೋದ ಹಾಗೆ ನನಗೆ ಒಂದು ಮಾತು ಸ್ಪಷ್ಟವಾಯಿತು. ವಿಜ್ಞಾನವನ್ನು ತಳ್ಳಿಹಾಕುವವರು ಸಾಮಾನ್ಯವಾಗಿ ಏನನ್ನೋ ಕಾಪಾಡಿಕೊಳ್ಳುತ್ತಿರುತ್ತಾರೆ. ಅದು ಭಯ ಇರಬಹುದು, ಮಾನ ಇರಬಹುದು, ತಮ್ಮ ಗುಂಪು ಇರಬಹುದು. ಬಾಯಿಂದ ಬರುವ ವಾದ ಅದರ ವಕೀಲ ಅಷ್ಟೇ. ನೀವು ವಕೀಲನನ್ನು ಸೋಲಿಸಿದರೆ ಕಕ್ಷಿದಾರ ಸಂಜೆಯೊಳಗೆ ಇನ್ನೊಬ್ಬ ವಕೀಲನನ್ನು ಹುಡುಕಿಕೊಂಡು ಬರುತ್ತಾನೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕಕ್ಷಿದಾರನನ್ನು ಭೇಟಿಯಾಗುವ ದಾರಿ ಹೇಳುತ್ತೇನೆ. ಇದು ಭಾಷಣ ಮಾಡುವವರಿಗೆ ಬರೆದದ್ದಲ್ಲ. ಎದುರು ಕೂತ ಒಬ್ಬ ಮನುಷ್ಯನ ಜೊತೆ, ನಿಮಗೆ ಬೇಕಾದವರ ಜೊತೆ, ಮಾತಾಡಬೇಕಾದವರಿಗೆ.

ಹಂತ 1: ಅವರು ಒಪ್ಪದಿರುವುದು ಯಾವುದನ್ನು ಅಂತ ಗುರುತಿಸಿ

‘ವಿಜ್ಞಾನ ವಿರೋಧಿ’ ಎಂಬ ಹಣೆಪಟ್ಟಿಯನ್ನು ಮೊದಲು ಬದಿಗಿಡಿ. ಪೂರ್ತಿ ವಿಜ್ಞಾನವನ್ನು ವಿರೋಧಿಸುವವರು ಹುಡುಕಿದರೂ ಸಿಗುವುದಿಲ್ಲ. ಲಸಿಕೆ ಬೇಡ ಎನ್ನುವವರು ಹಲ್ಲುನೋವು ಬಂದರೆ ದಂತವೈದ್ಯರ ಬಳಿ ಓಡುತ್ತಾರೆ. ಭೂಮಿ ಚಪ್ಪಟೆ ಎನ್ನುವವನ ಜೇಬಿನಲ್ಲೂ ಜಿಪಿಎಸ್ ಇರುವ ಫೋನ್ ಇರುತ್ತದೆ. ಹವಾಮಾನ ಬದಲಾವಣೆ ಬರೀ ಸುಳ್ಳು ಎನ್ನುವವರು ನಾಳೆ ಮಳೆ ಬರುತ್ತಾ ಅಂತ ಮುನ್ಸೂಚನೆ ನೋಡಿಯೇ ಹೊರಡುತ್ತಾರೆ. ವಿದ್ಯುತ್ಕಾಂತ ಸಮೀಕರಣಗಳ ವಿರುದ್ಧ ಯಾರೂ ಮೆರವಣಿಗೆ ಮಾಡಿದ್ದು ನಾನು ಕಂಡಿಲ್ಲ.

ಅಂದರೆ ಜಗಳ ಇರುವುದು ಒಂದು ತುಂಡಿನ ಜೊತೆ. ಆ ತುಂಡು ಅವರ ಬದುಕಿನ ಯಾವುದೋ ಮೂಲೆಗೆ ತಾಗುತ್ತಿದೆ. ‘ಇದರಲ್ಲಿ ನಿಮಗೆ ಸರಿ ಅನ್ನಿಸದೇ ಇರುವುದು ಯಾವ ಭಾಗ?’ ಅಂತ ಕೇಳಿ. ಲಸಿಕೆಯನ್ನೇ ತೆಗೆದುಕೊಳ್ಳಿ. ಆ ರೋಗವೇ ಈಗ ಇಲ್ಲವಲ್ಲ ಎನ್ನುವುದು ಒಂದು ಮಾತು. ಅಡ್ಡಪರಿಣಾಮದ ಭಯ ಇನ್ನೊಂದು. ಕಂಪನಿಗಳು ದುಡ್ಡಿಗಾಗಿ ಮಾಡುತ್ತವೆ ಎನ್ನುವುದು ಮತ್ತೊಂದು. ನನ್ನನ್ನು ಯಾರೂ ಬಲವಂತ ಮಾಡಬಾರದು ಎನ್ನುವುದಂತೂ ಬೇರೆಯದೇ ಲೋಕ. ಮೂರನೆಯವರಿಗೆ ಎರಡನೆಯವರ ಉತ್ತರ ಕೊಟ್ಟರೆ ಏನು ಪ್ರಯೋಜನ?

ಅನುಮಾನಕ್ಕೂ ನಿರಾಕರಣೆಗೂ ಇರುವ ವ್ಯತ್ಯಾಸವನ್ನೂ ಇಲ್ಲೇ ನೋಡಿಕೊಳ್ಳಿ. ಅದಕ್ಕೆ ಒಂದು ಸುಲಭದ ಪ್ರಶ್ನೆ ಇದೆ: ‘ಏನು ಕಂಡರೆ ನಿಮ್ಮ ಮನಸ್ಸು ಬದಲಾಗಬಹುದು?’ ಅನುಮಾನ ಇರುವವರು ಸ್ವಲ್ಪ ಯೋಚಿಸಿ ಏನಾದರೂ ಹೇಳುತ್ತಾರೆ. ನಿರಾಕರಿಸುವವರು ‘ಏನು ತಂದರೂ ನಾನು ನಂಬಲ್ಲ’ ಎನ್ನುತ್ತಾರೆ. ಅನುಮಾನ ಇರುವವರೇ ಜಾಸ್ತಿ. ಅವರನ್ನು ನಿರಾಕರಿಸುವವರ ಸಾಲಿಗೆ ತಳ್ಳುವುದು ನಮ್ಮದೇ ಆತುರ.

ಹಂತ 2: ನಿಮ್ಮ ತಲೆಯನ್ನೂ ಒಮ್ಮೆ ತಡಕಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಾನು ಬಿಟ್ಟು ಹೋಗಿದ್ದೆ, ಪರಿಣಾಮ ಮೇಲೆ ಹೇಳಿದ್ದೇನೆ.

1960ರಲ್ಲಿ ಪೀಟರ್ ವೇಸನ್ ಎಂಬ ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಒಂದು ಆಟ ಆಡಿಸಿದ. 2, 4, 6 ಎಂಬ ಮೂರು ಸಂಖ್ಯೆಗಳು ಒಂದು ನಿಯಮ ಪಾಲಿಸುತ್ತವೆ. ನೀವು ಬೇರೆ ಬೇರೆ ಮೂರು ಸಂಖ್ಯೆ ಕೊಡುತ್ತಾ ಹೋಗಿ, ಅವು ನಿಯಮಕ್ಕೆ ಹೊಂದುತ್ತವೋ ಇಲ್ಲವೋ ನಾನು ಹೇಳುತ್ತೇನೆ, ನಿಯಮ ಯಾವುದು ಕಂಡುಹಿಡಿಯಿರಿ ಅಂದ. ಜನ 8, 10, 12 ಎಂದರು. ಹೌದು. 20, 22, 24 ಎಂದರು. ಹೌದು. ‘ಎರಡೆರಡು ಕೂಡಿಸುತ್ತಾ ಹೋಗುವುದು’ ಅಂತ ಖುಷಿಯಿಂದ ಉತ್ತರ ಕೊಟ್ಟರು. ತಪ್ಪು. ನಿಯಮ ಇದ್ದದ್ದು ಇಷ್ಟೇ: ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ. 1, 2, 50 ಎಂದಿದ್ದರೂ ಹೌದು ಬರುತ್ತಿತ್ತು. ತಮ್ಮ ಊಹೆಯನ್ನು ಒಡೆಯಬಲ್ಲ ಸಂಖ್ಯೆಯನ್ನು ಕೇಳಿ ನೋಡೋಣ ಅಂತ ಬಹುಪಾಲು ಜನಕ್ಕೆ ಹೊಳೆಯಲೇ ಇಲ್ಲ. ನಮ್ಮ ಗಾದೆಯ ಮೊಲ ಇದೇ ಅಲ್ವಾ? ಮೂರು ಕಾಲು ಎಣಿಸಿ ನಿಲ್ಲಿಸುತ್ತೇವೆ.

ಇದು ಓದಿಲ್ಲದವರ ಕಾಯಿಲೆ ಅಂದುಕೊಂಡರೆ ತಪ್ಪು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯ, ಶವಪರೀಕ್ಷೆ ಮಾಡಿ ಬಂದವರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕು ಅಂತ ನಿಯಮ ತಂದ. ಆ ವರ್ಷ ಏಪ್ರಿಲ್‌ನಲ್ಲಿ ನೂರಕ್ಕೆ 18 ತಾಯಂದಿರು ಸಾಯುತ್ತಿದ್ದ ವಾರ್ಡಿನಲ್ಲಿ ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಕಣ್ಣೆದುರೇ ಇದ್ದ ಅಂಕಿ. ಆದರೂ ಅನೇಕ ದೊಡ್ಡ ವೈದ್ಯರು ಒಪ್ಪಲಿಲ್ಲ. ಒಪ್ಪಿದರೆ ‘ಇಷ್ಟು ದಿನ ನಮ್ಮ ಕೈಯೇ ಅವರನ್ನು ಕೊಂದಿತು’ ಅಂತ ಒಪ್ಪಿದ ಹಾಗಾಗುತ್ತಿತ್ತು. ಅದನ್ನು ನುಂಗಿಕೊಳ್ಳುವುದು ಯಾರಿಗೆ ಸುಲಭ? ಸೆಮ್ಮೆಲ್ವೈಸ್ ಕೂಡ ಒಪ್ಪದವರನ್ನು ಕೊಲೆಗಾರರು ಅಂತ ಬಹಿರಂಗ ಪತ್ರಗಳಲ್ಲಿ ಬೈದ. ಅದರಿಂದ ಅವನ ಮಾತಿಗೆ ಬೆಲೆ ಹೆಚ್ಚಲಿಲ್ಲ. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ.

ಹಾಗಾದರೆ ಏನು ಮಾಡಬೇಕು? ಡಾರ್ವಿನ್‌ಗೆ ಒಂದು ಅಭ್ಯಾಸ ಇತ್ತು. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡರೆ ಆ ಕ್ಷಣವೇ ಬರೆದಿಡುತ್ತಿದ್ದ, ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವನಿಗೆ ಗೊತ್ತಿತ್ತು. ನೀವೂ ಮಾತಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಿರಿ: ಈ ವಿಷಯದಲ್ಲಿ ಎದುರಿನವರು ಹೇಳುವುದರಲ್ಲಿ ನಿಜ ಎಷ್ಟಿದೆ? ನಾನು ಇದನ್ನು ಸ್ವತಃ ಅರ್ಥ ಮಾಡಿಕೊಂಡು ನಂಬಿದ್ದೇನೋ, ನನ್ನ ಸುತ್ತಲಿನವರು ನಂಬಿದ್ದಾರೆ ಅಂತ ನಂಬಿದ್ದೇನೋ? ಎರಡನೆಯದಕ್ಕೆ ಪ್ರಾಮಾಣಿಕ ಉತ್ತರ ಕೊಟ್ಟರೆ ದನಿ ತಾನಾಗಿ ತಗ್ಗುತ್ತದೆ.

ಹಂತ 3: ಬೇರು ಎಲ್ಲಿದೆ ಹುಡುಕಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ಇದು. ಮ್ಯಾಥ್ಯೂ ಹಾರ್ನ್ಸಿ ಮತ್ತು ಕೆಲ್ಲಿ ಫೀಲ್ಡಿಂಗ್ ಎಂಬ ಸಂಶೋಧಕರು 2017ರಲ್ಲಿ ಇದಕ್ಕೆ ‘ಧೋರಣೆಯ ಬೇರುಗಳು’ ಎಂಬರ್ಥದ ಹೆಸರು ಕೊಟ್ಟರು. ಮೇಲೆ ಕಾಣುವ ಎಲೆ ತರಿದರೆ ಮತ್ತೆ ಚಿಗುರುತ್ತದೆ, ಬೇರು ನೋಡಿ ಎನ್ನುವುದು ಅವರ ಮಾತಿನ ಸಾರ. ಅವರ ಪಟ್ಟಿಯನ್ನೇ ಇಲ್ಲಿ ಒಪ್ಪಿಸುವುದಿಲ್ಲ. ನನಗೆ ಮತ್ತೆ ಮತ್ತೆ ಎದುರಾದ ಬೇರುಗಳನ್ನು ಹೇಳುತ್ತೇನೆ.

ಮೊದಲನೆಯದು, ನಮ್ಮವರು. ಒಂದು ಅಭಿಪ್ರಾಯ ಒಂದು ಗುಂಪಿನ ಬಾವುಟವಾಗಿಬಿಟ್ಟರೆ ಅದನ್ನು ಬಿಡುವುದೆಂದರೆ ಗುಂಪನ್ನು ಬಿಟ್ಟ ಹಾಗೆ. ಅಮೆರಿಕದಲ್ಲಿ ಡ್ಯಾನ್ ಕಹಾನ್ ಎಂಬ ಸಂಶೋಧಕ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯ ಅಂಕಿಗಳ ಕೋಷ್ಟಕ. ಕೆಲವರಿಗೆ ಅದು ಚರ್ಮದ ಮುಲಾಮಿನ ಪರೀಕ್ಷೆ ಅಂತ ಹೇಳಿದರು, ಇನ್ನು ಕೆಲವರಿಗೆ ಬಂದೂಕು ನಿಷೇಧದ ಪರಿಣಾಮ ಅಂದರು. ಮುಲಾಮಿನ ಲೆಕ್ಕವನ್ನು ಗಣಿತ ಚೆನ್ನಾಗಿ ಬರುವವರು ಹೆಚ್ಚು ಸರಿಯಾಗಿ ಮಾಡಿದರು. ಬಂದೂಕಿನ ವಿಷಯ ಬಂದಾಗ ಉತ್ತರ ತಮ್ಮ ರಾಜಕೀಯಕ್ಕೆ ಒಗ್ಗಿದರೆ ಲೆಕ್ಕ ಸರಿ, ಒಗ್ಗದಿದ್ದರೆ ತಪ್ಪು. ಗಣಿತ ಚೆನ್ನಾಗಿ ಬರುವವರಲ್ಲೇ ಈ ಅಂತರ ಇನ್ನೂ ದೊಡ್ಡದಾಗಿತ್ತು. ಈ ಕೊನೆಯ ಅಂಶ ಆಮೇಲಿನ ಕೆಲವು ಮರುಪ್ರಯೋಗಗಳಲ್ಲಿ ಅಷ್ಟು ಗಟ್ಟಿಯಾಗಿ ಕಂಡಿಲ್ಲ. ಆದರೆ ಬುದ್ಧಿ ಜಾಸ್ತಿ ಇದ್ದರೆ ಸಾಕು, ಜನ ತಾವಾಗಿ ಸರಿಹೋಗುತ್ತಾರೆ ಎಂಬ ನಂಬಿಕೆಯನ್ನಂತೂ ಬಿಡಬೇಕಾಗುತ್ತದೆ. ಹರಿತ ಬುದ್ಧಿ ಒಳ್ಳೆಯ ವಕೀಲನನ್ನೂ ಒದಗಿಸುತ್ತದೆ.

ಒಂದು ಲೆಕ್ಕದಲ್ಲಿ ಇದು ಮೂರ್ಖತನವೂ ಅಲ್ಲ. ಒಬ್ಬ ಮನುಷ್ಯ ಹವಾಮಾನ ಬದಲಾವಣೆಯನ್ನು ನಂಬಿದರೆ ಅವನೊಬ್ಬನಿಂದ ಭೂಮಿಯ ತಾಪ ಇಳಿಯುವುದಿಲ್ಲ. ಆದರೆ ಗೆಳೆಯರು ಮಾತು ಬಿಟ್ಟರೆ ಆ ನಷ್ಟ ನಾಳೆಯೇ ಕಾಣುತ್ತದೆ.

ಎರಡನೆಯದು, ಪರಿಹಾರದ ಮೇಲಿನ ಸಿಟ್ಟು. ಟ್ರಾಯ್ ಕ್ಯಾಂಪ್‌ಬೆಲ್ ಮತ್ತು ಆರನ್ ಕೇ 2014ರಲ್ಲಿ ತೋರಿಸಿದ್ದು ಇದನ್ನು. ಸರ್ಕಾರದ ಹಿಡಿತ ಕಡಿಮೆ ಇರಲಿ ಎನ್ನುವ ಅಮೆರಿಕದ ರಿಪಬ್ಲಿಕನ್ ಪಕ್ಷದ ಒಲವಿನವರಿಗೆ ಹವಾಮಾನ ಬದಲಾವಣೆಯ ವಿಷಯ ಹೇಳಿ, ಪರಿಹಾರ ಅಂದರೆ ಸರ್ಕಾರದ ಕಟ್ಟುಪಾಡು ಎಂದಾಗ ಅವರು ಸಮಸ್ಯೆಯನ್ನೇ ಕಡಿಮೆ ಒಪ್ಪಿದರು. ಪರಿಹಾರ ಮುಕ್ತ ಮಾರುಕಟ್ಟೆಯಿಂದ ಬರುತ್ತದೆ ಎಂದಾಗ ಅದೇ ಸಮಸ್ಯೆಯನ್ನು ಹೆಚ್ಚು ಒಪ್ಪಿದರು. ಮದ್ದು ಕಹಿ ಅಂತ ಕಾಯಿಲೆಯೇ ಇಲ್ಲ ಎನ್ನುವ ಹಾಗೆ. ಇಂಥವರ ಜೊತೆ ಕಾಯಿಲೆ ಇದೆಯೋ ಇಲ್ಲವೋ ಅಂತ ವಾದಿಸುತ್ತಾ ಕೂರಬೇಡಿ. ‘ಇದು ನಿಜ ಅಂತಾದರೆ ಏನು ಮಾಡಬೇಕಾಗುತ್ತದೆ ಅಂತ ನಿಮಗೆ ಚಿಂತೆ?’ ಅಂತ ಕೇಳಿ.

ಮೂರನೆಯದು, ಒಮ್ಮೆ ಮುರಿದ ನಂಬಿಕೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆ ಸುಮಾರು 600 ಕಪ್ಪು ಗಂಡಸರನ್ನು ಅಧ್ಯಯನದ ಹೆಸರಲ್ಲಿ ಇಟ್ಟುಕೊಂಡಿತ್ತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ನಿಜ ಹೇಳಲಿಲ್ಲ. 1940ರ ದಶಕದಲ್ಲಿ ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡಲಿಲ್ಲ. ಥ್ಯಾಲಿಡೊಮೈಡ್ ಎಂಬ ಮಾತ್ರೆ 1957ರಲ್ಲಿ ಮಾರುಕಟ್ಟೆಗೆ ಬಂದು, ಗರ್ಭಿಣಿಯರ ವಾಂತಿಗೂ ಸುರಕ್ಷಿತ ಎಂದು ಹಲವು ದೇಶಗಳಲ್ಲಿ ಬಳಕೆಯಾಗಿ, ಸಾವಿರಾರು ಮಕ್ಕಳು ಬೆಳೆಯದ ಕೈಕಾಲುಗಳೊಂದಿಗೆ ಹುಟ್ಟಿದವು. ಇಂಥದ್ದನ್ನು ಕೇಳಿ ಬೆಳೆದವರು ‘ಡಾಕ್ಟರು ಹೇಳಿದ್ದನ್ನು ಯಾಕೆ ನಂಬಲಿ?’ ಎಂದರೆ ಅದು ಅವೈಜ್ಞಾನಿಕ ಪ್ರಶ್ನೆ ಆಗುವುದಿಲ್ಲ. ‘ಹೌದು, ಆಗ ಮೋಸ ಆಯಿತು’ ಅಂತ ಮೊದಲು ಒಪ್ಪಿಕೊಳ್ಳಿ. ಆಮೇಲೆ ಏನೇನು ನಿಯಮ ಬದಲಾಯಿತು ಅಂತ ಹೇಳಬಹುದು. ಒಪ್ಪಿಕೊಳ್ಳದೆ ಮುಂದೆ ಹೋದರೆ ನೀವೂ ಮೋಸ ಮಾಡುವವರ ಕಡೆಯವರೇ ಆಗಿಬಿಡುತ್ತೀರಿ.

ನಾಲ್ಕನೆಯದು ತೀರಾ ಮುಗ್ಧವಾದದ್ದು. ವಿಜ್ಞಾನ ಹೇಳುವುದು ಕಣ್ಣಿಗೆ ಕಾಣುವುದಕ್ಕೆ ಹೊಂದುವುದಿಲ್ಲ, ಅಷ್ಟೇ. ಸ್ಟೆಲ್ಲಾ ವೊಸ್ನಿಯಾಡೂ ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಚಿಕ್ಕ ಮಕ್ಕಳನ್ನು ಭೂಮಿಯ ಬಗ್ಗೆ ಕೇಳಿದರು. ಭೂಮಿ ದುಂಡಗಿದೆ ಅಂತ ಹೆಚ್ಚಿನ ಮಕ್ಕಳು ಪಾಠ ಒಪ್ಪಿಸಿದರು. ಬಿಡಿಸಿ ಕೇಳಿದರೆ ಕೆಲವರ ತಲೆಯಲ್ಲಿದ್ದದ್ದು ತಟ್ಟೆಯ ಹಾಗೆ ದುಂಡಗಿನ ಭೂಮಿ. ಇನ್ನು ಕೆಲವರ ಪ್ರಕಾರ ಭೂಮಿ ಪೊಳ್ಳು ಚೆಂಡು, ನಾವು ಅದರೊಳಗಿನ ಸಮತಟ್ಟು ನೆಲದ ಮೇಲಿದ್ದೇವೆ. ಹೇಳಿಕೊಟ್ಟದ್ದನ್ನೂ ಬಿಡಲಿಲ್ಲ, ಕಂಡದ್ದನ್ನೂ ಬಿಡಲಿಲ್ಲ, ಜಾಣ ಮಕ್ಕಳು! ದೊಡ್ಡವರಾದ ಮೇಲೂ ಹಳೆಯ ಚಿತ್ರ ಅಳಿಸಿ ಹೋಗುವುದಿಲ್ಲ. ಸಹಜ ಅನಿಸಿಕೆಗೆ ವಿರುದ್ಧವಾದ ವೈಜ್ಞಾನಿಕ ವಾಕ್ಯಗಳನ್ನು ಸರಿಯೋ ತಪ್ಪೋ ಹೇಳಲು ವೃತ್ತಿಪರ ವಿಜ್ಞಾನಿಗಳಿಗೂ ಚೂರು ಹೆಚ್ಚು ಹೊತ್ತು ಬೇಕಾಗುತ್ತದೆ ಅಂತ ಆಂಡ್ರ್ಯೂ ಶ್ಟುಲ್ಮನ್ ಅವರ ಪ್ರಯೋಗಗಳು ತೋರಿಸಿವೆ. ಈ ಬೇರಿನವರಿಗೆ ಮಾತ್ರ ಒಳ್ಳೆಯ ವಿವರಣೆ, ಚಿತ್ರ, ಮಾದರಿ ನೇರವಾಗಿ ಕೆಲಸ ಮಾಡುತ್ತದೆ. ಎಲ್ಲರಿಗೂ ಇದೇ ಔಷಧಿ ಕುಡಿಸಲು ಹೋಗುವುದೇ ನಮ್ಮ ದೊಡ್ಡ ತಪ್ಪು.

ಇನ್ನು ಭಯ. ಅದಕ್ಕೆ ಹೆಚ್ಚು ವಿವರಣೆ ಬೇಡ. ಒಂದು ವಿಷಯ ಮಾತ್ರ ನೆನಪಿಡಿ: ಮಾಡಿದ್ದರಿಂದ ಆಗುವ ಕೆಟ್ಟದ್ದು, ಮಾಡದೇ ಬಿಟ್ಟದ್ದರಿಂದ ಆಗುವ ಕೆಟ್ಟದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ರೋಗದ ಅಪಾಯ ದೊಡ್ಡದಿದ್ದರೂ ತಂದೆತಾಯಿ ಲಸಿಕೆಯ ಸಣ್ಣ ಅಪಾಯಕ್ಕೆ ಹಿಂಜರಿಯುವುದು ಇದಕ್ಕೇ. ತಮ್ಮ ಕೈಯಾರೆ ಆಯಿತು ಎಂಬ ಕೊರಗು ಅವರಿಗೆ ಬೇಡ.

ಹಂತ 4: ಕೇಳಿ, ನಿಜವಾಗಿಯೂ ಕೇಳಿ

ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ವಿಲಿಯಂ ಮಿಲ್ಲರ್ 1983ರಲ್ಲಿ ಒಂದು ವಿಧಾನ ಬರೆದಿಟ್ಟರು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಉಪದೇಶ ಮಾಡಿದಷ್ಟೂ ಜನ ತಮ್ಮ ಪಕ್ಷವನ್ನೇ ಗಟ್ಟಿಯಾಗಿ ವಾದಿಸುತ್ತಾರೆ, ತಮ್ಮ ಬಾಯಿಂದಲೇ ಬಂದ ಕಾರಣಕ್ಕೆ ಮಾತ್ರ ಬಗ್ಗುತ್ತಾರೆ ಎನ್ನುವುದು ಅದರ ತಿರುಳು. ಕೆನಡಾದ ಕ್ವಿಬೆಕ್‌ನಲ್ಲಿ ಇದನ್ನು ಹೆರಿಗೆ ವಾರ್ಡುಗಳಲ್ಲಿ ಲಸಿಕೆ ಕುರಿತ ಮಾತುಕತೆಗೂ ಬಳಸಿದ್ದಾರೆ.

ಮಾತು ಹೀಗೆ ಸಾಗಬಹುದು.

‘ನಾನು ಮಗುವಿಗೆ ಲಸಿಕೆ ಹಾಕಿಸಲ್ಲ.’
‘ಈ ಬಗ್ಗೆ ತುಂಬಾ ಯೋಚನೆ ಮಾಡಿದ ಹಾಗಿದೆ. ಏನು ಚಿಂತೆ?’
‘ಇಷ್ಟು ಚಿಕ್ಕ ಮೈಗೆ ಅಷ್ಟೊಂದು ಸೂಜಿ ಯಾಕೆ?’
‘ಮಗು ತಡೆದುಕೊಳ್ಳುತ್ತೋ ಇಲ್ಲವೋ ಅನ್ನುವ ಆತಂಕ.’
‘ಹೂಂ. ರೋಗ ಬಂದರೂ ಕಷ್ಟವೇ ಅನ್ನಿ.’

ಆ ಕೊನೆಯ ಸಾಲು ಬಂತು ನೋಡಿ, ಅದನ್ನು ಹಿಡಿಯಿರಿ. ಅವರ ಮನಸ್ಸಿನ ಇನ್ನೊಂದು ಪಕ್ಷ ಅದು. ‘ರೋಗ ಬಂದರೆ ಅಂತ ಯೋಚಿಸಿದಾಗ ಏನು ನೆನಪಾಗುತ್ತದೆ?’ ಅಂತ ಅಲ್ಲಿಂದ ಮುಂದುವರಿಸಿ. ನಿಮಗೆ ಗೊತ್ತಿರುವ ಸಂಗತಿ ಹೇಳಬೇಕಿದ್ದರೆ ‘ನನಗೆ ಗೊತ್ತಿರುವುದನ್ನು ಹೇಳಲಾ?’ ಅಂತ ಅನುಮತಿ ಕೇಳಿ. ಮೊದಲ ಸಲ ಇದನ್ನು ಹೇಳುವಾಗ ನಾಟಕ ಆಡಿದ ಹಾಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಬೇಡ ಎಂದವರು ತೀರಾ ಕಡಿಮೆ.

‘ಯಾಕೆ’ಗಿಂತ ‘ಹೇಗೆ’ ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ಜನರಿಗೆ ಜಿಪ್ ಹೇಗೆ ಕೆಲಸ ಮಾಡುತ್ತದೆ ಗೊತ್ತಾ ಅಂತ ಕೇಳಿದರು. ಚೆನ್ನಾಗಿ ಗೊತ್ತು ಎಂದರು. ಹಂತ ಹಂತವಾಗಿ ಬರೆದು ಕೊಡಿ ಎಂದಾಗ ತಮಗೇ ತಾವು ಕೊಟ್ಟುಕೊಂಡ ಅಂಕ ಇಳಿಸಿಕೊಂಡರು. ‘ಯಾಕೆ ನಂಬುತ್ತೀರಿ’ ಎಂದರೆ ಕಾರಣಗಳ ಮೂಟೆ ಬಿಚ್ಚುತ್ತಾರೆ. ‘ಅದು ಹೇಗೆ ನಡೆಯುತ್ತದೆ, ಸ್ವಲ್ಪ ಬಿಡಿಸಿ ಹೇಳಿ’ ಎಂದರೆ ಎಲ್ಲೋ ಒಂದು ಕಡೆ ತಾವೇ ನಿಲ್ಲುತ್ತಾರೆ. ಆಗ ನಗಬೇಡಿ. ಜಿಪ್ ಬಗ್ಗೆ ನಿಮ್ಮನ್ನು ಕೇಳಿದರೂ ಅಷ್ಟೇ.

ಹಂತ 5: ಜಾಗ ಮತ್ತು ಆಳು ಸರಿ ಇರಲಿ

ನಾಲ್ಕು ಜನರ ಎದುರು ಮಾತು ಎತ್ತಬೇಡಿ. ಜನ ನೋಡುತ್ತಿದ್ದರೆ ಅಭಿಪ್ರಾಯ ಬದಲಿಸುವುದು ಸೋಲು, ಒಬ್ಬರೇ ಇದ್ದಾಗ ಬದಲಿಸುವುದು ಯೋಚನೆ. ನೀವು ಸರಿಯಾದ ಆಳೋ ಅಂತಲೂ ಕೇಳಿಕೊಳ್ಳಿ. ಅವರ ಗುಂಪಿನವರೇ ಆದ, ಅವರು ಗೌರವಿಸುವ ಒಬ್ಬರು ಅದೇ ಮಾತು ಹೇಳಿದರೆ ಹತ್ತು ಪಟ್ಟು ತೂಕ. ಸಾಲಮನ್ ಆಶ್ ಎಂಬ ಮನಃಶಾಸ್ತ್ರಜ್ಞ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದ. ಕೋಣೆಯಲ್ಲಿದ್ದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಪಾಪ, ಒಬ್ಬನೇ ಅಮಾಯಕ ಎಷ್ಟೋ ಸಲ ಅವರ ಹಿಂದೆಯೇ ಹೋಗುತ್ತಿದ್ದ. ಜೊತೆಗೆ ಒಬ್ಬನೇ ಒಬ್ಬ ಸರಿ ಉತ್ತರ ಕೊಟ್ಟರೂ ಆ ಒತ್ತಡ ಬಹಳ ಮಟ್ಟಿಗೆ ಕರಗುತ್ತಿತ್ತು.

ಹಂತ 6: ಈಗ ಸತ್ಯ ಹೇಳಿ, ಖಾಲಿ ಜಾಗ ಬಿಡಬೇಡಿ

ಇಷ್ಟೆಲ್ಲ ಆದ ಮೇಲೆ ಪುರಾವೆಯ ಸರದಿ. ಪುರಾವೆಗೆ ಶಕ್ತಿಯೇ ಇಲ್ಲ, ಹೇಳಿದರೆ ಜನ ಇನ್ನೂ ಮೊಂಡಾಗುತ್ತಾರೆ ಎಂಬ ಮಾತು ಒಂದು ಕಾಲದಲ್ಲಿ ಬಹಳ ಓಡಾಡಿತು. 2010ರಲ್ಲಿ ಬಂದ ಒಂದು ಅಧ್ಯಯನ ಅದಕ್ಕೆ ಕಾರಣ. ಆಮೇಲೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳನ್ನು ಇಟ್ಟು ನೋಡಿದರು. ಆ ತಿರುಗೇಟು ಹೆಚ್ಚುಕಡಿಮೆ ಕಾಣಲೇ ಇಲ್ಲ. ಅಂದರೆ ಸತ್ಯ ಹೇಳಲು ಹೆದರಬೇಕಿಲ್ಲ. ಹೇಳುವ ಕ್ರಮ ಮುಖ್ಯ.

ಸುಳ್ಳಿನಿಂದ ಮಾತು ಶುರುಮಾಡಬೇಡಿ. ಪದೇ ಪದೇ ಕೇಳಿದ್ದು ನಿಜ ಅನ್ನಿಸುತ್ತದೆ, ಇದು 1977ರಿಂದಲೂ ಪ್ರಯೋಗಗಳಲ್ಲಿ ಗೊತ್ತಿರುವ ಸಂಗತಿ. ನಿಜ ಉತ್ತರ ಗೊತ್ತಿದ್ದವರ ಮೇಲೂ ಇದು ಕೆಲಸ ಮಾಡುತ್ತದೆ. ನಿಜವನ್ನು ಮೊದಲು ಹೇಳಿ, ಸುಳ್ಳನ್ನು ಮಧ್ಯೆ ಒಮ್ಮೆ ಮುಟ್ಟಿ, ಮತ್ತೆ ನಿಜಕ್ಕೆ ಬನ್ನಿ.

ಇನ್ನೊಂದು, ಸುಳ್ಳನ್ನು ಕಿತ್ತ ಜಾಗದಲ್ಲಿ ಏನಾದರೂ ನೆಡಬೇಕು. 1994ರ ಒಂದು ಪ್ರಯೋಗದಲ್ಲಿ ಗೋದಾಮಿಗೆ ಬೆಂಕಿ ಬಿದ್ದ ಕಥೆ ಓದಿಸಿದರು. ಮೊದಲು ಅಲ್ಲಿನ ಒಂದು ಕಪಾಟಿನಲ್ಲಿ ಬಣ್ಣದ ಡಬ್ಬ, ಗ್ಯಾಸ್ ಸಿಲಿಂಡರ್ ಇತ್ತು ಎಂದರು. ಆಮೇಲೆ ಇಲ್ಲ, ಆ ಕಪಾಟು ಖಾಲಿ ಇತ್ತು ಎಂದರು. ತಿದ್ದುಪಡಿ ನೆನಪಿದ್ದರೂ ಜನ ಬೆಂಕಿಗೆ ಬಣ್ಣವನ್ನೇ ಕಾರಣ ಕೊಡುತ್ತಾ ಹೋದರು. ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಸುಳಿವು ಕೊಟ್ಟಾಗ ಮಾತ್ರ ಹಳೆಯ ಕಾರಣ ಹಿಂದೆ ಸರಿಯಿತು.

ಲಸಿಕೆಯಿಂದ ಆಟಿಸಂ ಎಂಬ ಮಾತಿಗೆ ಇದನ್ನೇ ಹೊಂದಿಸಿ ನೋಡಿ. ‘ಅದು ಸುಳ್ಳು’ ಎಂದರೆ ಕಪಾಟು ಖಾಲಿ ಎಂದ ಹಾಗೆ. ಪೂರ್ತಿ ಕಥೆ ಹೇಳಿ. ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳುವ ವಯಸ್ಸು ಮತ್ತು ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆ ಹಾಕುವ ವಯಸ್ಸು ಹೆಚ್ಚುಕಡಿಮೆ ಒಂದೇ. ಒಂದರ ಹಿಂದೆ ಒಂದು ಬಂದರೆ ಯಾವ ತಾಯಿಗಾದರೂ ಸಂಬಂಧ ಕಾಣುತ್ತದೆ, ಅದು ಅವರ ತಪ್ಪಲ್ಲ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಕೇವಲ 12 ಮಕ್ಕಳನ್ನು ನೋಡಿ, ಈ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು ಸೂಚಿಸುವ ಒಂದು ಪ್ರಬಂಧವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟ ವಕೀಲರ ಕಡೆಯಿಂದ ಅವನಿಗೆ ಹಣ ಸಿಕ್ಕಿತ್ತು ಅಂತ ಆಮೇಲೆ ಹೊರಬಂತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಬಂಧವನ್ನು ವಾಪಸ್ ತೆಗೆದುಕೊಂಡಿತು, ಅದೇ ವರ್ಷ ಅವನ ವೈದ್ಯ ನೋಂದಣಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕಿನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ದುಡ್ಡಿನ ವಾಸನೆ ಹಿಡಿಯುವವರಿಗೆ ಈ ಕಥೆಯಲ್ಲಿ ದುಡ್ಡು ಎಲ್ಲಿತ್ತು ಅಂತಲೂ ಕಾಣುತ್ತದೆ.

ಅವರದೇ ಕಾರಣಕ್ಕೆ ಅವರದೇ ಉತ್ತರ ಕೊಡಿ. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಂಚಿನ ಕಥೆ ನಂಬುವ ಸುಮಾರು 2,000 ಜನ ಕೃತಕ ಬುದ್ಧಿಮತ್ತೆಯ ಜೊತೆ ಚರ್ಚೆ ಮಾಡಿದರು. ಪ್ರತಿಯೊಬ್ಬರೂ ಕೊಟ್ಟ ಕಾರಣಕ್ಕೆ ನೇರ ಉತ್ತರ ಸಿಗುವ ಹಾಗೆ ಮಾಡಿದ್ದರು. ನಂಬಿಕೆ ಸರಾಸರಿ ಶೇ. 20ರಷ್ಟು ಇಳಿಯಿತು, ಎರಡು ತಿಂಗಳಾದರೂ ಹಾಗೇ ಉಳಿಯಿತು. ಯಂತ್ರಕ್ಕೆ ಸಿಟ್ಟು ಬರಲಿಲ್ಲ ಎನ್ನುವುದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ.

‘ವಿಜ್ಞಾನ ದಿನಕ್ಕೊಂದು ಹೇಳುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಭೂಮಿಯ ಆಕಾರವನ್ನೇ ಉದಾಹರಣೆ ಕೊಡಿ. ಮೊದಲು ಚಪ್ಪಟೆ ಎಂದರು, ಆಮೇಲೆ ಗೋಳ ಎಂದರು, ಆಮೇಲೆ ಪೂರ್ತಿ ಗೋಳವೂ ಅಲ್ಲ, ನಡುವೆ ಸ್ವಲ್ಪ ಉಬ್ಬಿದೆ ಎಂದರು. ಆ ಉಬ್ಬು ಎಷ್ಟು? ಸುಮಾರು 6,378 ಕಿಲೋಮೀಟರ್ ತ್ರಿಜ್ಯದಲ್ಲಿ 21 ಕಿಲೋಮೀಟರ್. ತಿದ್ದುಪಡಿಗಳು ಚಿಕ್ಕದಾಗುತ್ತಾ ಬರುತ್ತವೆ, ಮತ್ತೆ ಚಪ್ಪಟೆಗೆ ಹೋಗುವುದಿಲ್ಲ.

ಹಂತ 7: ಕೈಚಳಕ ತೋರಿಸಿಕೊಡಿ

ಒಂದೊಂದೇ ಸುಳ್ಳಿನ ಹಿಂದೆ ಓಡುವುದು ಸೋಲುವ ಓಟ. ಅದಕ್ಕಿಂತ ಸುಳ್ಳು ತಯಾರಾಗುವ ರೀತಿ ಕಲಿಸಿದರೆ ಮುಂದಿನದನ್ನು ಅವರೇ ಹಿಡಿಯುತ್ತಾರೆ. ಬಳಕೆಯಲ್ಲಿರುವ ತಂತ್ರಗಳು ಕೆಲವೇ: ಆ ವಿಷಯದವರಲ್ಲದ ‘ತಜ್ಞ’ರನ್ನು ಮುಂದೆ ತರುವುದು, ಬೇಕಾದ ಅಂಕಿ ಮಾತ್ರ ಆರಿಸಿಕೊಳ್ಳುವುದು, ಯಾರೂ ಕೊಡಲಾಗದ ನೂರಕ್ಕೆ ನೂರು ಪುರಾವೆ ಕೇಳುವುದು, ತರ್ಕ ತಿರುಚುವುದು, ಕೊನೆಗೆ ಎಲ್ಲವೂ ಸಂಚು ಎನ್ನುವುದು.

ತಂಬಾಕಿನ ಕಥೆ ಇದಕ್ಕೆ ಒಳ್ಳೆಯ ಪಾಠ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು 1950ರಲ್ಲೇ ದೊಡ್ಡ ಅಧ್ಯಯನಗಳು ಬಂದಿದ್ದವು. 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಸಿಗರೇಟು ಕಂಪನಿಯ ಒಳಗಿನ ಟಿಪ್ಪಣಿಯೊಂದು, ಅನುಮಾನವೇ ನಾವು ತಯಾರಿಸುವ ಸರಕು ಎಂಬರ್ಥದ ಮಾತು ಹೇಳಿತ್ತು. ಸುಳ್ಳು ಹೇಳಿ ಗೆಲ್ಲಬೇಕಿರಲಿಲ್ಲ. ‘ಇನ್ನೂ ಖಚಿತವಿಲ್ಲ’ ಎಂದರೆ ಸಾಕಿತ್ತು. ಈ ಕಥೆ ಹೇಳುವಾಗ ಎದುರಿನವರ ಗುಮಾನಿಯ ಸ್ವಭಾವವೇ ನಿಮ್ಮ ಕಡೆ ಬರುತ್ತದೆ. ಮೋಸ ಹೋಗಬಾರದು ಎನ್ನುವುದು ಅವರ ಆಸೆಯೂ ಹೌದಲ್ವಾ?

ಸಾಧ್ಯವಾದರೆ ಇದನ್ನು ಸುಳ್ಳು ಬರುವ ಮೊದಲೇ ಹೇಳಿ. ವಿಲಿಯಂ ಮೆಗ್ವಾಯರ್ 1960ರ ದಶಕದ ಶುರುವಿನಲ್ಲೇ ಇದನ್ನು ಲಸಿಕೆಗೆ ಹೋಲಿಸಿದ್ದ. ತಂತ್ರವನ್ನು ದುರ್ಬಲ ರೂಪದಲ್ಲಿ ಮೊದಲೇ ತೋರಿಸಿದರೆ ಮನಸ್ಸು ತಡೆಶಕ್ತಿ ಬೆಳೆಸಿಕೊಳ್ಳುತ್ತದೆ.

‘ಗೆಲಿಲಿಯೊನನ್ನೂ ಜನ ನಂಬಲಿಲ್ಲ’ ಎಂಬ ಬಾಣ ಬಂದರೆ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಅವರನ್ನು ನೆನಪಿಸಿ. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದಾಗ ಅವರನ್ನೂ ಬಹಳ ಜನ ನಂಬಲಿಲ್ಲ. 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ಸ್ವತಃ ಕುಡಿದು ಜಠರದ ಉರಿಯೂತ ತಂದುಕೊಂಡರು. ಬೇರೆಯವರು ಪರೀಕ್ಷಿಸಿ ನೋಡಿದರು, ನಿಜ ಎಂದು ಕಂಡಿತು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ನಂಬಿಸಿದ್ದು ಪುರಾವೆ. ಜನ ನಕ್ಕರು ಎನ್ನುವುದಷ್ಟೇ ಪುರಾವೆ ಆಗುವುದಿಲ್ಲ.

ಹಂತ 8: ಬಾಗಿಲು ತೆರೆದಿಟ್ಟು ಎದ್ದು ಬನ್ನಿ

ಒಂದೇ ಕೂಟದಲ್ಲಿ ಯಾರೂ ‘ನೀನು ಹೇಳಿದ್ದೇ ಸರಿ’ ಎನ್ನುವುದಿಲ್ಲ. ಅದನ್ನು ನಿರೀಕ್ಷಿಸಬೇಡಿ. ‘ಯೋಚನೆ ಮಾಡ್ತೀನಿ’ ಎಂದರೆ ಅದೇ ದೊಡ್ಡದು. ದನಿ ಏರಿದರೆ, ಅದೇ ಮಾತು ಮೂರನೇ ಸಲ ಬಂದರೆ, ನಿಲ್ಲಿಸಿ. ಸುಳ್ಳನ್ನೇ ವ್ಯಾಪಾರ ಮಾಡಿಕೊಂಡವರ ಹಿಂದೆ ಹೋಗಿ ಸಮಯ ಹಾಳು ಮಾಡಬೇಡಿ. ಅವರ ಮಾತು ಕೇಳಿ ಗಲಿಬಿಲಿಗೊಂಡು ಸುಮ್ಮನೆ ಕೂತವರು ಪಕ್ಕದಲ್ಲೇ ಇರುತ್ತಾರೆ, ಅವರ ಜೊತೆ ಮಾತಾಡಿ.

ಮನಸ್ಸು ಬದಲಿಸುವವರಿಗೆ ಹಿಂದಿರುಗಲು ಮರ್ಯಾದೆಯ ದಾರಿ ಬೇಕು. ‘ಆಗ ಸಿಕ್ಕ ಮಾಹಿತಿ ಹಾಗಿತ್ತು, ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು’ ಎಂಬ ಒಂದು ಮಾತು ಸಾಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ನಾವು ಗೇಲಿಗೆ ಬಳಸುತ್ತೇವೆ. ಇಲ್ಲಿ ಮಾತ್ರ ಆ ಮೀಸೆಯನ್ನು ನೀವೇ ಒರೆಸಿ ಕೊಡಬೇಕು.

ಗುಂಪು ಬಿಟ್ಟ ನಮ್ಮ ಹಿರಿಯರ ಮನೆಗೆ ನಾನು ಕೆಲವು ತಿಂಗಳ ನಂತರ ಹೋದೆ. ಲಿಂಕ್ ಇಲ್ಲ, ಗ್ರಾಫ್ ಇಲ್ಲ. ಮಾತಿನ ನಡುವೆ ಅವರೇ ಹೇಳಿದರು: ಹಿಂದೊಮ್ಮೆ ಹೆಂಡತಿಗೆ ಕೊಟ್ಟ ಔಷಧಿ ಒಗ್ಗದೆ ಎರಡು ದಿನ ಒದ್ದಾಡಿದ್ದರಂತೆ, ಕೇಳಲು ಹೋದರೆ ಯಾರೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲವಂತೆ. ಇಷ್ಟು ವರ್ಷ ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ. ನಾನು ಸುಮ್ನೆ ಕೇಳಿದೆ. ಆ ವರ್ಷದ ಕೊನೆಯಲ್ಲಿ ಅವರು ಲಸಿಕೆ ಹಾಕಿಸಿಕೊಂಡರು. ‘ಮೊದಲಿಂದಲೂ ಹಾಕಿಸಿಕೊಳ್ಳಬೇಕು ಅಂತಲೇ ಇದ್ದೆ, ಟೈಮ್ ಸಿಕ್ಕಿರಲಿಲ್ಲ’ ಎಂದರು. ನಾನು ಹೌದು ಅಂದೆ.